ಮರೆತವರ ಹಬ್ಬ

ನಮ್ಮ ಮದುವೆಯಾದದ್ದು ಫೆಬ್ರವರಿ 11ರಂದು. ಇಷ್ಟು ಧೈರ್ಯವಾಗಿ ತಾರೀಖು ಬರೆಯುತ್ತಿರುವುದಕ್ಕೆ ಕಾರಣ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಮ್ಮ ಮನೆಯವಳು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾಳೆ. ಆದರೂ ಈ ಸಲ ಮರೆತೆ. ಅದೇ ಕೆಂಪು ಸುತ್ತಿನೊಳಗೆ 'ಹಾಲು ಒಂದೂವರೆ ಲೀಟರ್' ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದೆ ಎಂಬುದು ಆಮೇಲೆ ಹೊರಬಿದ್ದ ಸಾಕ್ಷ್ಯ.

ಮನೆಯಲ್ಲಿ ಮಾತು ಕಡಿಮೆಯಾದಾಗ ಓದು ಹೆಚ್ಚಾಗುತ್ತದೆ. ಹಾಗೆ ಕೈಗೆ ಸಿಕ್ಕಿದ್ದು ಹಳೆಯ ರೋಮನ್ನರ ಪಂಚಾಂಗದ ಕತೆ. ಅವರ ತಿಂಗಳಿಗೆ ಮೂರೇ ಗೂಟ. ಮೊದಲ ದಿನ ಕಲೆಂಡೇ, ಐದಕ್ಕೋ ಏಳಕ್ಕೋ ನೋನೇ, ಹದಿಮೂರಕ್ಕೋ ಹದಿನೈದಕ್ಕೋ ಇಡೂಸ್. ಮಿಕ್ಕ ದಿನಗಳನ್ನೆಲ್ಲ ಮುಂದಿನ ಗೂಟದಿಂದ ಹಿಂದಕ್ಕೆ ಎಣಿಸಬೇಕು, ಅದೂ ಎರಡು ತುದಿಯನ್ನೂ ಸೇರಿಸಿಕೊಂಡು. ಫೆಬ್ರವರಿ 11 ಎಂದರೆ 'ಇಡೂಸ್‌ಗೆ ಮೂರು ದಿನ ಮುಂಚೆ'; ನಮ್ಮ ಲೆಕ್ಕಕ್ಕೆ ಎರಡೇ ದಿನ. ಅಲ್ಲಿ ಹುಟ್ಟಿದ್ದರೆ ಎಂಥ ಒಳ್ಳೆಯ ನೆಪವಿತ್ತು!

ಸಾಲದ್ದಕ್ಕೆ, ಯಾವ ದಿನ ನ್ಯಾಯಾಲಯದ ಕೆಲಸ ನಡೆಯುತ್ತದೆ ಎಂಬ ಗುಟ್ಟು ಬಹುಕಾಲ ಪುರೋಹಿತರ ಹೊಟ್ಟೆಯಲ್ಲೇ ಇತ್ತಂತೆ. ಕ್ರಿ.ಪೂ. 304ರಲ್ಲಿ ನೇಯಸ್ ಫ್ಲಾವಿಯಸ್ ಎಂಬಾತ ಅದನ್ನು ಬಿಳಿ ಹಲಗೆಗಳ ಮೇಲೆ ಬರೆಸಿ ಊರ ನಡುವಿನ ಫೋರಂನಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ಬಿಡುಗಡೆ ಪಡೆದ ಗುಲಾಮನ ಮಗ ಆತ. ದೊಡ್ಡ ಮನೆತನದವರು ಸಿಟ್ಟಾದರು. ಆಗಲಿ ಬಿಡಿ.

ಹಬ್ಬಗಳಿಗೇನೂ ಬರವಿರಲಿಲ್ಲ. ಫೆಬ್ರವರಿಯಲ್ಲಿ ಹಿರಿಯರ ಸಮಾಧಿಗೆ ಹೋಗಿ ಉಪ್ಪು, ಧಾನ್ಯ, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ ಇಟ್ಟು ಬರುವ ಮನೆಯೊಡೆಯ, ಮೇ 9, 11, 13ರ ಲೆಮೂರಿಯಾದ ನಡುರಾತ್ರಿ ಅದೇ ಹಿರಿಯರನ್ನು ಓಡಿಸಲು ಎದ್ದು ಕೂರುತ್ತಿದ್ದ. ಬರಿಗಾಲು. ಬೆರಳುಗಳ ನಡುವೆ ಹೆಬ್ಬೆರಳು ತೂರಿಸಿದ ಮುಷ್ಟಿ. ಕೈ ತೊಳೆದು, ಕಪ್ಪು ಕಾಳುಗಳನ್ನು ಹಿಂದಕ್ಕೆ ಎಸೆಯುತ್ತ ಮಂತ್ರ ಹೇಳಬೇಕು, ತಿರುಗಿ ಮಾತ್ರ ನೋಡುವಂತಿಲ್ಲ. ಕೊನೆಗೆ ಕಂಚು ಬಡಿದು, 'ಹಿರಿಯರೇ, ಹೊರಡಿ' ಎಂದು ಒಂಬತ್ತು ಸಲ. ಬೆಳಿಗ್ಗೆ ಆ ಕಾಳು ಗುಡಿಸಿದವರು ಯಾರೆಂದು ಯಾವ ಗಂಡಸೂ ಬರೆದಿಟ್ಟಿಲ್ಲ.

ನನ್ನ ಮನಸ್ಸು ನಿಂತದ್ದು ಫೋರ್ನಕಾಲಿಯಾದ ಮೇಲೆ. ಒಲೆದೇವತೆ ಫೋರ್ನಾಕ್ಸಳ ಹಬ್ಬ ಅದು, ಗೋಧಿ ಹುರಿಯುವಾಗ ಸೀದುಹೋಗದಿರಲಿ ಎಂಬ ಹರಕೆ. ಊರ ಜನರನ್ನು 30 ಕುರಿಯಾಗಳಾಗಿ ವಿಂಗಡಿಸಿದ್ದರು. (ಕನ್ನಡದ ಕಿವಿಗೆ ಇದು ಮಂದೆಯ ಲೆಕ್ಕದಂತೆ ಕೇಳಿದರೆ ತಪ್ಪು ನನ್ನದಲ್ಲ.) ಯಾವ ಕುರಿಯಾಕ್ಕೆ ಯಾವ ದಿನ ಎಂದು ಫೋರಂನಲ್ಲಿ ಹಲಗೆ ತೂಗುಹಾಕುತ್ತಿದ್ದರು. ಅಷ್ಟಾದರೂ ತಮ್ಮದು ಯಾವುದೆಂದು ತಿಳಿಯದವರು ಇದ್ದೇ ಇದ್ದರು. ಅವರಿಗೆ ದಂಡ ಹಾಕಲಿಲ್ಲ, ಮುನಿಸಿಕೊಳ್ಳಲಿಲ್ಲ. ಫೆಬ್ರವರಿ 17, ಅಂದರೆ ಕ್ವಿರಿನಾಲಿಯಾ ದಿನ ಬಂದು ಪೂಜೆ ಮುಗಿಸಿಕೊಳ್ಳಿ ಎಂದರು. ಅದಕ್ಕೆ ಮೂರ್ಖರ ಹಬ್ಬ ಎಂದು ಹೆಸರಿಟ್ಟರು, ನಿಜ. ಆದರೂ ದಿನವಂತೂ ಕೊಟ್ಟರಲ್ಲ! ಇನ್ನೂ ಐದು ದಿನ ಕಳೆದರೆ, 22ಕ್ಕೆ, ಕರಿಸ್ಟಿಯಾ. ಸಮಾಧಿಯಿಂದ ತಿರುಗಿಬಂದ ಬಂಧುಗಳು ಮನಸ್ತಾಪ ಬದಿಗಿಟ್ಟು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ದಿನ.

17ರ ಸಂಜೆ ಮಲ್ಲಿಗೆ, ಮೈಸೂರುಪಾಕು ಹಿಡಿದು ಮನೆಗೆ ಬಂದೆ.

"ಇವತ್ತೇನ್ರೀ ವಿಶೇಷ?" ಎಂದಳು.

"ಕ್ವಿರಿನಾಲಿಯಾ."

"ಯಾರ್ರೀ ಅವಳು?"

ರಾಜಿಯಾದದ್ದು 22ಕ್ಕೆ.