ನಿವೃತ್ತ ಪರೀಕ್ಷಾರ್ಥಿ

ಕರ್ನಾಟಕದ ಸರ್ಕಾರಿ ನೌಕರರು 60ನೆಯ ವಯಸ್ಸಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಗಳೊಡನೆ ಮನೆಗೆ ಮರಳಿ, ವಾಯುವಿಹಾರ ಮತ್ತು ಪದಬಂಧಗಳಲ್ಲಿ ಕೆಲವು ತಿಂಗಳು ನೂಕಿ, ಮರೆವಿನ ಕಾಯಿಲೆಯ ಕುರಿತ ಲೇಖನವೊಂದನ್ನು ಓದಿ ಬೆಚ್ಚಿಬಿದ್ದು, ಮತ್ತೆ ವಿದ್ಯಾರ್ಥಿಗಳಾಗುವುದುಂಟು. ಹೀಗೆ ಹುಟ್ಟಿಕೊಳ್ಳುವ ವರ್ಗವನ್ನು ನಿವೃತ್ತ ಪರೀಕ್ಷಾರ್ಥಿಗಳೆಂದು ಗುರುತಿಸಬಹುದು. ಓದು, ಉದ್ಯೋಗ, ಒಡನಾಟಗಳಿಂದ ಆಯುಷ್ಯವಿಡೀ ಕೂಡಿಬರುವ, ಮುಪ್ಪಿನ ಸವಕಳಿಯನ್ನು ಮಿದುಳು ಒಂದಷ್ಟು ಕಾಲ ತಾಳಿಕೊಳ್ಳಲು ನೆರವಾಗುವ ಸಾಮರ್ಥ್ಯವನ್ನು ತಜ್ಞರು ‘ಅರಿವಿನ ಮೀಸಲು’ ಎನ್ನುತ್ತಾರೆ. ಈ ವರ್ಗದವರು ಅದನ್ನು ಭವಿಷ್ಯನಿಧಿಯೆಂದೇ ಭಾವಿಸಿ, ಕಂತು ತಪ್ಪದಂತೆ ತುಂಬುತ್ತಾರೆ.

ದುಡಿಮೆ ಮುಗಿದ ಮೇಲಿನ ಬದುಕಿಗೆಂದೇ ಮೀಸಲಾದ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವು 1973ರಲ್ಲಿ ಫ್ರಾನ್ಸಿನ ತೂಲೂಸ್ ನಗರದಲ್ಲಿ ಆರಂಭವಾಯಿತು, ಬ್ರಿಟನ್ನಿನಲ್ಲಿ ಬೆಳೆದ ಅದರ ಕೂಟಗಳಲ್ಲಿ ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ. ಇದನ್ನು ಕೇಳಿದ ನಿವೃತ್ತ ಪರೀಕ್ಷಾರ್ಥಿಗೆ ಆ ದೇಶದ ಹಿರಿಯರ ಮೇಲೆ ಕನಿಕರ ಹುಟ್ಟುತ್ತದೆ, ಏಕೆಂದರೆ ಹಾಲ್ ಟಿಕೆಟ್ ಇಲ್ಲದ ವಿದ್ಯೆ ಇವರ ಲೆಕ್ಕದಲ್ಲಿ ಬರೀ ಹರಟೆ. ಆದ್ದರಿಂದಲೇ ಇವರು ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಹೆಸರು ನೋಂದಾಯಿಸಿ, ಅದು ಸಾಲದೆಂದು ಸರಳೆವರಸೆಗಳನ್ನು ಕಲಿತು, ಹತ್ತು–ಹನ್ನೆರಡರ ಮಕ್ಕಳ ಸಾಲಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆಗೂ ಕೂರುತ್ತಾರೆ.

ಪರೀಕ್ಷೆ ಹತ್ತಿರವಾದಂತೆ ಮನೆಯಲ್ಲಿ ಟಿ.ವಿ. ಮೌನವಾಗುತ್ತದೆ, ಕುಕ್ಕರಿನ ಸೀಟಿಗೂ ಆಕ್ಷೇಪಣೆ ಸಲ್ಲಿಕೆಯಾಗುತ್ತದೆ. ಗೆಜೆಟೆಡ್ ಅಧಿಕಾರಿಗಳಾಗಿದ್ದವರಿಗಂತೂ ಹಸಿರು ಶಾಯಿಯ ಮೋಹ ಬಿಡುವುದಿಲ್ಲ: ಉತ್ತರಪತ್ರಿಕೆಯಲ್ಲಿ ನೀಲಿ ಅಥವಾ ಕಪ್ಪು ಶಾಯಿಯನ್ನಷ್ಟೇ ಬಳಸಬೇಕೆಂದು ಮಗಳ ವಯಸ್ಸಿನ ಕೊಠಡಿ ಮೇಲ್ವಿಚಾರಕಿ ಹೇಳಿದರೆ, ಆ ಸಂಬಂಧ ಹೊರಟ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕವನ್ನು ಕೇಳಿ, ಪ್ರಶ್ನೆಪತ್ರಿಕೆಯನ್ನು ಬಿಡಿಸುವ ಮೊದಲೇ ಹತ್ತು ನಿಮಿಷ ಕಳೆಯುತ್ತಾರೆ.

ಓದಿದ್ದರಲ್ಲಿ ತಲೆಯಲ್ಲಿ ನಿಂತದ್ದೆಷ್ಟೆಂಬುದು ಸಂದೇಹಾಸ್ಪದವೇ. ಆದರೆ ಸಂಪರ್ಕ ತರಗತಿ, ಅಂದರೆ ದೂರಶಿಕ್ಷಣದವರು ಕೆಲವು ದಿನ ಒಂದೆಡೆ ಸೇರಿ ಅಧ್ಯಾಪಕರಿಂದ ಪಾಠ ಕೇಳುವ ಏರ್ಪಾಡು, ಇವರಿಗೆ ಬೈಟೂ ಕಾಫಿಯ ಜೊತೆಗಾರರನ್ನೂ, ನೋಟ್ಸಿನ ನೆಪದಲ್ಲಿ ಬರುವ ಫೋನುಗಳನ್ನೂ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಆಸ್ಪತ್ರೆಯದಲ್ಲದ ದಿನಾಂಕವನ್ನೂ ಒದಗಿಸುತ್ತದೆ. ಮುಪ್ಪಿನ ಒಂಟಿತನಕ್ಕೆ ಪಠ್ಯಕ್ರಮಕ್ಕಿಂತ ಇವೇ ಹೆಚ್ಚು ನಾಟುವ ಮದ್ದು ಎನ್ನಲು ಅಡ್ಡಿಯಿಲ್ಲ. ಫಲಿತಾಂಶ ಬಂದ ದಿನವೇ ಮರುಮೌಲ್ಯಮಾಪನಕ್ಕೆ ಇವರ ಅರ್ಜಿ ಸಿದ್ಧವಾಗಿರುತ್ತದೆ. ನಪಾಸಾದವರು ಅಪರೂಪ, ಬಹುತೇಕರ ತಕರಾರು ಶೇ. 59 ಬಂದಿರುವುದರ ಬಗ್ಗೆ.