ರೈಲಿಲ್ಲದ ಊರಿನ ರೈಲಪ್ಪ

ಮಾಗಡಿಗೆ ರೈಲಿಲ್ಲ. ಕನಕಪುರಕ್ಕೂ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ಹಾದು ಚಾಮರಾಜನಗರ ಸೇರಬೇಕಾದ ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿತು; ಆಮೇಲೆ ಅದು ಚುನಾವಣೆಗೊಮ್ಮೆ ಭಾಷಣಗಳಲ್ಲಿ ಓಡಾಡಿಕೊಂಡಿದೆ. ಇನ್ನು ಮಾಗಡಿ ತಾಲ್ಲೂಕಿನ ಕಲ್ಯದ ಮಾತು ಎತ್ತುವುದೇ ಬೇಡ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನದ ಒಂದು ಪ್ರತಿ ಅಲ್ಲಿದೆ, ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದು ಅಲ್ಲೇ ಎಂಬ ನಂಬಿಕೆ ಇದೆ. ರೈಲು ಮಾತ್ರ ಇಲ್ಲ.

ಆದರೂ ಕಲ್ಯದ ಒಂದು ಮನೆಯ ಅಟ್ಟದಿಂದ ದಿನಾ ಸಂಜೆ ಆರಕ್ಕೆ, ಕರೆಂಟಿದ್ದರೆ, ರೈಲು ಹೊರಡುತ್ತದೆ. ಮೊದಲು ಅದು ರಾಗಿ ಚೀಲ ಇಡುವ ಜಾಗ. ಈಗ ಅಲ್ಲಿ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಹಳಿ, ಹಳಿಯ ಪಕ್ಕ ರಟ್ಟಿನ ಚನ್ನಪಟ್ಟಣ ನಿಲ್ದಾಣ, ಹಿಂದೆ ಥರ್ಮೋಕೋಲಿನಲ್ಲಿ ಕೊರೆದ ರಾಮದೇವರ ಬೆಟ್ಟ. ರಾಗಿ ಚೀಲಗಳು ಕೆಳಗಿಳಿದು ನಡುಮನೆ ಸೇರಿ ವರ್ಷಗಳಾದವು. ನೆಂಟರು ಬಂದರೆ ಅವುಗಳ ಮೇಲೇ ಕೂರುತ್ತಾರೆ.

ಈ ರೈಲ್ವೆಯ ಜನರಲ್ ಮ್ಯಾನೇಜರು, ಗಾರ್ಡು, ಪಾಯಿಂಟ್ಸ್‌ಮನ್ನು ಎಲ್ಲಾ ಒಬ್ಬರೇ: ನಮ್ಮ ರೈಲಪ್ಪನವರು, ನಿವೃತ್ತ ಗಣಿತದ ಮೇಷ್ಟ್ರು. ಮನೆಯವರು ಇಟ್ಟ ಹೆಸರು ಬೇರೆ, ಅದು ಬೇಡ. ಇಂಥವರು ಜಯನಗರದಲ್ಲಿದ್ದಾರೆ, ಹುಬ್ಬಳ್ಳಿಯಲ್ಲಿದ್ದಾರೆ, ಮೈಸೂರಿನ ಕುವೆಂಪುನಗರದಲ್ಲಂತೂ ಬೀದಿಗೊಬ್ಬರು ಸಿಕ್ಕರೂ ಆಶ್ಚರ್ಯವಿಲ್ಲ. ಎಲ್ಲರನ್ನೂ ಕಲೆಸಿ ಕಲ್ಯದಲ್ಲಿ ಕೂರಿಸಿದ್ದೇನೆ, ಅಷ್ಟೆ.

ಇವರನ್ನು ಗುರುತಿಸುವುದು ಸುಲಭ. ಲೆವೆಲ್ ಕ್ರಾಸಿಂಗಿನ ಗೇಟು ಬಿದ್ದಾಗ ಎಲ್ಲರೂ ಗೊಣಗುತ್ತಿದ್ದರೆ ಒಬ್ಬರು ಮಾತ್ರ ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಮುಗುಳ್ನಗುತ್ತಾ ನಿಂತಿರುತ್ತಾರಲ್ಲ, ಅವರೇ. ರೈಲು ಕಾಣುವ ಮೊದಲೇ ಹಾರ್ನು ಕೇಳಿ "ಡಬ್ಲ್ಯುಎಪಿ-7" ಎಂದು ಪಕ್ಕದ ಟೆಂಪೋದವನಿಗೆ ತಿಳಿಸುತ್ತಾರೆ. ರಾಮನಗರದಲ್ಲಿ ಯಾರಾದರೂ 'ಶೋಲೆ'ಯ ಹೆಸರೆತ್ತಿದರೆ, ಬಂಡೆಗಳೆಲ್ಲ ನಮ್ಮವೇ ಸರಿ, ಆದರೆ ಆ ರೈಲು ದರೋಡೆ ತೆಗೆದದ್ದು ಪನ್ವೇಲಿನ ಕಡೆ ಎಂದು ತಿದ್ದದೆ ಬಿಡುವುದಿಲ್ಲ. ಮೈಸೂರಿಗೆ ಹೋದರೆ ಅರಮನೆ ನೋಡಲು ಸಂಸಾರವನ್ನು ಕಳಿಸಿ, ತಾವು 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಮ್ಮಿನಲ್ಲಿ ತಣ್ಣಗಿರುವ ಬಾಯ್ಲರಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಮದುವೆ ಮನೆಯಲ್ಲಿ ಅವರ ಪಕ್ಕ ಎಲೆ ಹಾಕಿಸಿಕೊಳ್ಳಬಾರದು. ಪಾಯಸ ಬರುವ ಹೊತ್ತಿಗೆ ವಿಷಯ ಗೇಜಿಗೆ ಬಂದಿರುತ್ತದೆ.

ಗೇಜಿನದು ದೊಡ್ಡ ಗೋಳು. ನಮ್ಮ ಬ್ರಾಡ್‌ಗೇಜು 1,676 ಮಿಲಿಮೀಟರು. ಮಾದರಿ ರೈಲಿನ ಎಚ್‌ಒ ಅಳತೆ 87ಕ್ಕೆ ಒಂದು. ಭಾಗಿಸಿದರೆ 19.26 ಬರಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5, ಏಕೆಂದರೆ ಅದು ಯುರೋಪು, ಅಮೆರಿಕದ 1,435 ಮಿಲಿಮೀಟರ್ ಹಳಿಯ ಲೆಕ್ಕ. ಈ 2.76 ಮಿಲಿಮೀಟರು ರೈಲಪ್ಪನವರ ನಿದ್ದೆ ಕೆಡಿಸಿರುವಷ್ಟು ಮಗನ ಸಾಫ್ಟ್‌ವೇರ್ ಕೆಲಸವೂ ಕೆಡಿಸಿಲ್ಲ.

ಗೇಜಿಗಿಂತ ದೊಡ್ಡ ಗೋಳು ಈಚಿನದು. "ರೇಟು ಕೇಳಿದ್ಯೇನಯ್ಯಾ?" ಎಂದು ಶುರುಮಾಡುತ್ತಾರೆ. ಯಾವುದರ ರೇಟು ಎಂದು ಕೇಳಬೇಕಾಗಿಲ್ಲ. ಈರುಳ್ಳಿ, ಪೆಟ್ರೋಲು, ಚಿನ್ನದ ರೇಟು ಅವರ ಗಮನಕ್ಕೆ ಬಂದದ್ದೇ ಇಲ್ಲ. ಇದು ಎಂಜಿನ್ನಿನ ರೇಟು. ಇಂಗ್ಲೆಂಡಿನ ಅಂಗಡಿಯಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಉಗಿ ಎಂಜಿನ್ನಿಗೆ ಈಗ 200 ಪೌಂಡು ದಾಟುವುದು ಮಾಮೂಲು. ಒಳಗೆ ಚಿಪ್ಪು ಹಾಕಿ ಚುಕುಬುಕು ಅನ್ನಿಸಿದರೆ ಇನ್ನೂ ಮೇಲೆ. ನಮ್ಮ ದುಡ್ಡಿನಲ್ಲಿ 23,000 ಎಂದಿಟ್ಟುಕೊಳ್ಳಿ. ಅದು ಅಲ್ಲಿ. ಇಲ್ಲಿಗೆ ಬರುವಾಗ ಸುಂಕ ಕಾದಿರುತ್ತದೆ. 2020ರ ಬಜೆಟ್ಟಿನವರೆಗೆ ಆಟಿಕೆಗಳ ಆಮದು ಸುಂಕ ಶೇ 20 ಇತ್ತು. ಆ ವರ್ಷ ಶೇ 60 ಆಯಿತು, 2023ರಲ್ಲಿ ಶೇ 70. ಮಕ್ಕಳ ಗಿಲಕಿಯೂ ರೈಲಪ್ಪನವರ ಎಂಜಿನ್ನೂ ಸುಂಕದ ಪಟ್ಟಿಯಲ್ಲಿ ಒಂದೇ ತಲೆಬರಹದ ಕೆಳಗೆ ಬರುತ್ತವೆ. 23,000ಕ್ಕೆ ಸುಂಕವೊಂದೇ 16,100. ಜಿಎಸ್‌ಟಿ ಆಮೇಲೆ.

ಸುಂಕ ಏರಿಸಿದ್ದು ಯಾಕೆಂದರೆ ಅಗ್ಗದ ಚೀನಾ ಬೊಂಬೆಗಳ ಕಾಟದಿಂದ ನಮ್ಮ ಬೊಂಬೆಯವರನ್ನು ಕಾಪಾಡಲು. ನಮ್ಮ ಬೊಂಬೆಯವರು ಎಂದರೆ ಇಲ್ಲೇ ಚನ್ನಪಟ್ಟಣದವರು. ಅವರ ಮೇಲೆ ಸಿಟ್ಟು ಮಾಡಲಾಗದೆ ರೈಲಪ್ಪನವರು ವಯಸ್ಸಿನ ಪಟ್ಟು ಹಿಡಿದಿದ್ದಾರೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ ಆದೇಶ 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆ. ಎಂಜಿನ್ನಿನ ಡಬ್ಬಿಯ ಮೇಲಾದರೋ 14 ದಾಟಿದವರಿಗೆ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. "ನಾನು 14 ದಾಟಿ ಬಹಳ ಕಾಲವಾಯಿತೆಂದು ಈ ಮೂಲಕ ದೃಢೀಕರಿಸುತ್ತೇನೆ" ಎಂದು ಒಂದು ಅರ್ಜಿ ಬರೆದಿಟ್ಟಿದ್ದಾರೆ. ಯಾವ ಕಚೇರಿಗೆ ಕೊಡಬೇಕೆಂದು ತಿಳಿಯದೆ ಅದಿನ್ನೂ ಅಂಗಿ ಜೇಬಿನಲ್ಲೇ ಇದೆ.

ಇಷ್ಟೆಲ್ಲ ಗೋಳಾಡುವಾಗ ಅವರ ಮುಖವನ್ನು ಸ್ವಲ್ಪ ನೋಡಬೇಕು. ಮಗಳಿಗೆ ಅಮೆರಿಕದ ಸಂಬಂಧ ಕುದುರಿದ ಗೃಹಸ್ಥರು "ಖರ್ಚು ನೋಡಿ ಸಾರ್, ತಡೆಯೋಕಾಗಲ್ಲ" ಎನ್ನುವಾಗ ಇರುತ್ತದಲ್ಲ, ಆ ಕಳೆ. ಏಕೆಂದರೆ ಈಗಿನ ಎಂಜಿನ್ನುಗಳು ಸುಮ್ಮನೆ ಬರುವುದಿಲ್ಲ. ಮೊದಲು ಪ್ರಕಟಣೆ. ಲೋಕಕ್ಕೆಲ್ಲ ಸೇರಿ 500 ಮಾತ್ರ. ಮುಂಗಡ ಬುಕಿಂಗು. ಆಮೇಲೆ ಒಂದೂವರೆ, ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ಬೆಲೆ ಇನ್ನೊಂದು ಸಲ ಏರಿರುತ್ತದೆ. ಕೊನೆಗೊಂದು ದಿನ ಡಬ್ಬಿ ಬರುತ್ತದೆ, ಒಳಗೆ ನಂಬರು ಹಾಕಿದ ಪ್ರಮಾಣಪತ್ರ. ರೈಲಪ್ಪನವರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಫ್ರೇಮು ಹಾಕಿಸಿದವರಲ್ಲ. ಇದಕ್ಕೆ ಹಾಕಿಸಿದ್ದಾರೆ.

ಯಾಕಿಷ್ಟು ದುಬಾರಿ ಎಂದು ನಾನೊಮ್ಮೆ ಕೇಳಿದೆ. ಮೇಷ್ಟ್ರಲ್ಲವೇ, ಸೀಮೆಸುಣ್ಣ ಕೈಗೆ ಬಂತು.

"ಎಂಜಿನ್ ಎರಕ ಹೊಯ್ಯೋದಕ್ಕೆ ಮೊದಲು ಉಕ್ಕಿನ ಅಚ್ಚು ಕೊರೀಬೇಕು. ಅದಕ್ಕೆ 50 ಲಕ್ಷ ಅಂತಿಟ್ಕೊ. ಹತ್ತು ಸಾವಿರ ಎಂಜಿನ್ ಮಾಡಿದ್ರೆ ಅಚ್ಚಿನ ಖರ್ಚು ತಲೆಗೆಷ್ಟು ಬಿತ್ತು? ಐನೂರು. ಐನೂರೇ ಮಾಡಿದ್ರೆ? ಹತ್ತು ಸಾವಿರ. ಅರ್ಥವಾಯ್ತಾ? ಇದರ ಮೇಲೆ ಚೀನಾದ ಗ್ವಾಂಗ್‌ಡಾಂಗಿನಲ್ಲಿ ಕೂಲಿ ಏರಿದೆ. ಎಂಜಿನ್ನಿನ ಕೈಹಿಡಿ ಕಂಬಿ, ಏಣಿ, ಸೀಟಿ ಎಲ್ಲಾ ಕೂದಲೆಳೆ ಗಾತ್ರ, ಒಂದೊಂದನ್ನೂ ಚಿಮುಟದಲ್ಲಿ ಕೂರಿಸಬೇಕು. ಆ ಕೆಲಸ ಯಂತ್ರ ಮಾಡಲ್ಲ."

"ಹಂಗಾದ್ರೆ ಹತ್ತು ಸಾವಿರಾನೇ ಮಾಡ್ಲಿ ಬಿಡಿ ಮೇಷ್ಟ್ರೇ. ಅಗ್ಗವಾಗುತ್ತೆ."

ಸೀಮೆಸುಣ್ಣ ಕೆಳಗಿಟ್ಟರು. "ಥೂ! ಹತ್ತು ಸಾವಿರ ಜನರ ಮನೇಲಿರೋದನ್ನ ನಾನ್ಯಾಕಯ್ಯಾ ತಗೊಳ್ಳಲಿ?"

ಕಂಪನಿಯವರು ದುಡ್ಡು ಬಾಚುತ್ತಿದ್ದಾರೆ ಎಂದು ಯಾರಾದರೂ ಅಂದರೂ ಅವರಿಗೆ ಸಹಿಸದು. 1859ರಲ್ಲಿ ಜರ್ಮನಿಯ ಗ್ಯೋಪಿಂಗನ್ನಿನಲ್ಲಿ ಶುರುವಾದ ಮ್ಯಾರ್ಕ್ಲಿನ್ ಕಂಪನಿ 2009ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಇವರು ಒಂದು ಹೊತ್ತು ಊಟ ಬಿಟ್ಟಿದ್ದರಂತೆ. ಹಳೇ ಗಿರಾಕಿಗಳಿಗೆ ವಯಸ್ಸಾಗುತ್ತಿದೆ, ಹುಡುಗರು ಫೋನು ಬಿಟ್ಟು ತಲೆ ಎತ್ತುತ್ತಿಲ್ಲ, ಕೊಳ್ಳುವವರು ಕಮ್ಮಿಯಾದಷ್ಟೂ ಮಾಡುವುದು ಕಮ್ಮಿ, ಮಾಡುವುದು ಕಮ್ಮಿಯಾದಷ್ಟೂ ಬೆಲೆ ಜಾಸ್ತಿ. ವಿಷಯ ಪೂರ್ತಿ ತಿಳಿದಿದೆ. ತಿಳಿದೂ ಬುಕ್ ಮಾಡುತ್ತಾರೆ.

ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಬೆಲೆಯ ಕೊನೆಯ ಸೊನ್ನೆಯನ್ನು ಕೈಬಿಡುವ ಪದ್ಧತಿ. ಇಪ್ಪತ್ಮೂರು ಸಾವಿರದ್ದು ಎರಡು ಸಾವಿರದ ಮುನ್ನೂರಾಗಿ ಹೊಸಿಲು ದಾಟುತ್ತದೆ. ಈ ಪದ್ಧತಿಗೆ ಹೋದ ಯುಗಾದಿಯಲ್ಲಿ ಗಂಡಾಂತರ ಬಂತು. ಹೆಂಡತಿಯ ತಮ್ಮ ಬಂದಿದ್ದ, ಅವನ ಮಗ ಅಟ್ಟ ಹತ್ತಿದ್ದ, ಇಳಿಯುವಾಗ ಕೈಯಲ್ಲಿ ನಂಬರು ಹಾಕಿದ ಎಂಜಿನ್ನು. ಬಿಡಲೊಲ್ಲ, ಅಳು. ಅವನಪ್ಪ ಧಾರಾಳಿ. ಜೇಬಿನಿಂದ ಐನೂರರ ಐದು ನೋಟು ತೆಗೆದು ರಾಗಿ ಚೀಲದ ಮೇಲಿಟ್ಟು, "ಅಕ್ಕ ಹೇಳಿದ್ಲು, ಎರಡು ಸಾವಿರದ ಮುನ್ನೂರಂತಲ್ಲ. ನಿಮಗೂ ಇನ್ನೂರು ಲಾಭ ಇರಲಿ, ಭಾವ" ಎಂದ. ರೈಲಪ್ಪನವರಿಗೆ ಬೇವು ಬೆಲ್ಲ ಎರಡೂ ಗಂಟಲಲ್ಲಿ ನಿಂತವು. ಹುಡುಗನಿಗೆ ನೂರು ಹೇಳಿ, ಚನ್ನಪಟ್ಟಣದ ಮರದ ರೈಲು ಕೊಡಿಸುವ ಮಾತು ಕೊಟ್ಟು, ಹೊಸ ಸೈಕಲ್ಲೊಂದನ್ನೂ ಸೇರಿಸಿದ ಮೇಲೆ ಎಂಜಿನ್ನು ವಾಪಸಾಯಿತು.

ಹೆಂಡತಿಗೆ ಏನೂ ತಿಳಿಯದೆಂದು ರೈಲಪ್ಪನವರು ನಂಬಿದ್ದಾರೆ. ಕೊರಿಯರ್ ಹುಡುಗ ಬಂದಾಗ ಅವರು ತೋಟದಲ್ಲಿರುತ್ತಾರೆ. ಸುಂಕದ ರಸೀತಿಗೆ ಸಹಿ ಹಾಕುವವರು ಆಯಮ್ಮ. ಒಂದೂ ಬಿಡದೆ ಎಲ್ಲಾ ರಸೀತಿಗಳೂ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿವೆ. ಒಂದು ಎಂಜಿನ್ನು ಬಂದಾಗಲೆಲ್ಲ ಅಷ್ಟೇ ಮೊತ್ತಕ್ಕೆ ಆಕೆ ಸದ್ದಿಲ್ಲದೆ ಚಿನ್ನ ತೆಗೆದಿಡುತ್ತಾ ಬಂದಿದ್ದಾರೆ, ತೆಂಗಿನಕಾಯಿ, ಹಾಲಿನ ದುಡ್ಡಿನಲ್ಲಿ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. "ಲಿಮಿಟೆಡ್ ಎಡಿಷನ್ ಅಂದ್ರೆ ಇನ್ವೆಸ್ಟ್‌ಮೆಂಟ್ ಕಣೇ" ಎಂದು ಗಂಡ ವಿವರಿಸುವಾಗ ಆಕೆ ಅವರೆಕಾಯಿ ಬಿಡಿಸುತ್ತಾ "ಹೌದ್ರಾ?" ಎನ್ನುತ್ತಾರೆ.

ಮಾತು ಕೊಟ್ಟ ಮರದ ರೈಲು ತರಲು ರೈಲಪ್ಪನವರು ಚನ್ನಪಟ್ಟಣಕ್ಕೆ ಹೋದಾಗ ಜೊತೆಗೆ ನಾನೂ ಇದ್ದೆ. ಬೊಂಬೆ ಕಡೆಯುವವನು ಅವರ ಹಳೇ ಶಿಷ್ಯ. ಲೇತಿನ ಮುಂದೆ ಕೂತು, ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಮೇಷ್ಟ್ರನ್ನು ಕಂಡು ಎದ್ದು ನಿಂತ. ಹುಡುಗನಿಗೆ 300 ರೂಪಾಯಿಯ ಹಳದಿ ಕೆಂಪು ರೈಲು ಕಟ್ಟಿಸಿದ್ದಾಯಿತು. ಆಮೇಲೆ ರೈಲಪ್ಪನವರ ಕಣ್ಣು ಲೇತಿನ ಮೇಲೆ ಬಿತ್ತು, ಹೊಸ ಆಸೆ ಹುಟ್ಟಿತು.

"ಏನ್ಲಾ, ನಂಗೊಂದು ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಕಡೆದು ಕೊಡ್ತೀಯಾ?"

ಅವನು ಚಿತ್ರ ನೋಡಿದ. "ಇದು ಪೆಟ್ಟಿಗೆ ಅಲ್ವಾ ಮೇಷ್ಟ್ರೇ. ಲೇತಲ್ಲಿ ಚೌಕ ಬರಾಕಿಲ್ಲ. ದುಂಡಗಿರೋದು ಯಾವ್ದಾರ ಹೇಳಿ."

ದುಂಡಗಿರುವುದು ಉಗಿ ಎಂಜಿನ್ನು. ರೈಲಪ್ಪನವರ ಕಣ್ಣು ತುಂಬಿತು. ಬೆಂಗಳೂರು-ಮೈಸೂರು ಹಳಿ ಮೀಟರ್ ಗೇಜಾಗಿದ್ದ ಕಾಲದ ವೈಪಿ! 90ರ ದಶಕದಲ್ಲಿ ಆ ಹಳಿ ಕಿತ್ತು ಬ್ರಾಡ್‌ಗೇಜು ಹಾಕಿದರು. ವೈಪಿ ಒಟ್ಟು 871 ತಯಾರಾಗಿದ್ದವು ಎಂಬಲ್ಲಿಂದ ಶುರುಮಾಡಿ ಚಕ್ರದ ಜೋಡಣೆಯವರೆಗೆ ಪಾಠವಾಯಿತು. ಶಿಷ್ಯ ಬೆರಳೆಣಿಸಿದ. "ಮುಂದೆ ನಾಕು, ನಡುವೆ ಆರು, ಹಿಂದೆ ಎರಡು. ಹನ್ನೆರಡು ಚಕ್ರ, ಮೂರು ಅಳತೆ. ಟೆಂಡರಿಂದು ಬೇರೆ. ಎಷ್ಟು ಪೀಸ್ ಬೇಕು?"

"ಒಂದು."

"ಒಂದಾದ್ರೆ ಎಂಟು ಸಾವಿರ."

"ಮರದ ರೈಲಿಗೆ ಎಂಟು ಸಾವಿರಾನಾ? ಮುನ್ನೂರಕ್ಕೆ ಈಗ ತಾನೆ ಕೊಟ್ಯಲ್ಲೋ!"

"ಅದನ್ನ ಸಾವಿರಗಟ್ಟಲೆ ಮಾಡ್ತೀವಿ ಮೇಷ್ಟ್ರೇ. ಇದಕ್ಕೆ ಅಳತೆ ತೆಗೀಬೇಕು, ನಮೂನೆ ಕಡೀಬೇಕು, ಕೆಟ್ಟರೆ ಎಸೀಬೇಕು. ವಾರ ಬೇರೆ ಕೆಲ್ಸ ನಿಲ್ತದೆ. ಅದಕ್ಕೇ ಏಳು ಸಾವಿರ. ಆಮೇಲೆ ಪೀಸಿಗೆ ಸಾವಿರ. ಒಂದು ಮಾಡಿದ್ರೆ ಎಂಟು ಸಾವಿರ, ಹತ್ತು ಮಾಡಿದ್ರೆ ತಲೆಗೆ ಸಾವಿರದ ಏಳ್ನೂರು. ಒಂಬತ್ತನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟ ಲೆಕ್ಕ."

ಉತ್ತರ ಸರಿಯಿತ್ತು. ಮೇಷ್ಟ್ರಿಗೆ ಬೈಯಲೂ ಬರಲಿಲ್ಲ, ಭೇಷ್ ಎನ್ನಲೂ ಮನಸ್ಸಾಗಲಿಲ್ಲ. ಅರ್ಧ ಗಂಟೆ ಚೌಕಾಸಿ ನಡೆದು, ಒಂದು ರೂಪಾಯಿಯೂ ಇಳಿಯದೆ ಒಪ್ಪಂದವಾಯಿತು. ಹತ್ತೇ ಎಂಜಿನ್ನು. ತಳದಲ್ಲಿ ಹತ್ತರಲ್ಲಿ ಇಷ್ಟನೆಯದು ಎಂದು ನಂಬರು. ಹತ್ತು ಮುಗಿದ ಮೇಲೆ ನಮೂನೆಯನ್ನು ಒಲೆಗೆ ಹಾಕತಕ್ಕದ್ದು.

"ಹನ್ನೊಂದನೇದು ಯಾರಾದ್ರೂ ಕೇಳ್ಕೊಂಡು ಬಂದ್ರೆ?" ಎಂದ ಶಿಷ್ಯ.

"ಇಲ್ಲ ಅನ್ನಬೇಕು."

"ಗಿರಾಕಿ ದುಡ್ಡು ಹಿಡ್ಕೊಂಡು ಬಂದ್ರೂ ಇಲ್ಲ ಅನ್ನೋದಾ?" ಅವನಿಗೆ ಇಷ್ಟು ಮಾತ್ರ ಕೊನೆಗೂ ಅರ್ಥವಾಗಲಿಲ್ಲ. ಅವನ ಅಜ್ಜನ ಕಾಲದಿಂದ ಆ ಅಂಗಡಿಯಲ್ಲಿ ಯಾರೂ ಆ ಮಾತು ಆಡಿಲ್ಲ. 2005-06ರಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಾಗಲೂ ಗಿರಾಕಿಯನ್ನು ವಾಪಸು ಕಳಿಸಿ ಎಂದು ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ರೈಲಪ್ಪನವರು ಈ ಸಲ ಸೊನ್ನೆ ಬಿಡದೆ ನಿಜವಾದ ಬೆಲೆ ಹೇಳಿದರು. ಸಾವಿರದ ಏಳ್ನೂರಲ್ಲವೇ, ಧೈರ್ಯ ಬಂದಿತ್ತು. ಆಯಮ್ಮ ತಮ್ಮ ವಾಡಿಕೆಯಂತೆ ಕೊನೆಗೊಂದು ಸೊನ್ನೆ ಸೇರಿಸಿಕೊಂಡು ಹದಿನೇಳು ಸಾವಿರ ಎಂದು ತಿಳಿದು, ಎದ್ದು ಬೀರುವಿನ ಕಡೆ ಹೋದರು. ನಿಜಸಂಗತಿ ತಿಳಿಸುವುದು ನನ್ನ ಪಾಲಿಗೆ ಬಂತು. ಹೀಗಾಗಿ ಆಕೆಯೂ ಒಂದು ಎಂಜಿನ್ನು ಬುಕ್ ಮಾಡಿದ್ದಾರೆ, ಅದೂ ಒಂದನೇ ನಂಬರಿನದು. ಮುಂದೆ ಗಂಡನಿಗೇ ಒಳ್ಳೆಯ ಬೆಲೆಗೆ ಮಾರಬಹುದೆಂಬುದು ಅವರ ಲೆಕ್ಕಾಚಾರ. ರೈಲಪ್ಪನವರದು ಎರಡನೇ ನಂಬರು. ದಾಕ್ಷಿಣ್ಯಕ್ಕೆ ಬಿದ್ದು ಮೂರನೆಯದನ್ನು ನಾನು ಹೇಳಿದ್ದೇನೆ.

ಇನ್ನು ಏಳು ಉಳಿದಿವೆ. ಆಸಕ್ತರು ರೈಲಪ್ಪನವರನ್ನು ಕಾಣಬಹುದು; ಕಲ್ಯದಲ್ಲಿಳಿದು ಅಟ್ಟದ ಮೇಲೆ ರೈಲು ಬಿಡುವವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅರ್ಧ ಹಣ ಮುಂಗಡ. ಮರ ಒಣಗಬೇಕಾದ್ದರಿಂದ ಯಾವಾಗ ಬರುತ್ತದೆ ಎಂದು ಕೇಳುವಂತಿಲ್ಲ. ಬಣ್ಣ ಕಪ್ಪು ಮಾತ್ರ, ಹಳದಿ ಚಿಮಣಿ ಬೇಕೆನ್ನುವವರು ದಯವಿಟ್ಟು ಬರಬೇಡಿ. ತಡಮಾಡಿ ಹತ್ತಕ್ಕೆ ಎಂಟೇ ಜನ ಸೇರಿದರೆ ತಲೆಗೆ 1,875 ಬೀಳುತ್ತದೆ. ಆಮೇಲೆ ರೇಟು ಏರಿಸಿದರೆಂದು ನನ್ನನ್ನು ಬೈಯಬಾರದು.