ಸರ್ವಬಲೈಕ್ಯ ವಿಚಾರವು: ಮುರುಗಮಲ್ಲದ ಪ್ರಮಾಣಗಳೊಡನೆ

ಸಮಸ್ತ ದ್ರವ್ಯವನ್ನೂ ಸಕಲ ಬಲಗಳನ್ನೂ ಒಂದೇ ಸೂತ್ರಕ್ಕೆ ಪೋಣಿಸಲು ಐನ್‌ಸ್ಟೈನ್ ಸುಮಾರು ಮೂವತ್ತು ವರ್ಷ ಹೆಣಗಿದರು, ಆಗಲಿಲ್ಲ. ಕಾರಣ ಸ್ಪಷ್ಟವಿದೆ. ಅವರಿದ್ದದ್ದು ಪ್ರಿನ್ಸ್‌ಟನ್‌ನಲ್ಲಿ, ಚಿಂತಾಮಣಿ ತಾಲ್ಲೂಕಿನಲ್ಲಲ್ಲ.

ಪೂರ್ವಪಕ್ಷ ಹೀಗಿದೆ. ಗುರುತ್ವ, ವಿದ್ಯುತ್ಕಾಂತ, ಪ್ರಬಲ, ದುರ್ಬಲ ಎಂದು ಬಲಗಳು ನಾಲ್ಕು. ತಣ್ಣಗಿನ ಲೋಕದಲ್ಲಿ ಬೇರೆ ಬೇರೆ ಕಾಣುವ ಇವು ಶಕ್ತಿ ಏರಿದಂತೆ ಒಂದಾಗುತ್ತವಂತೆ. 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಮೂರನ್ನು ಕೂಡಿಸುವ ಸಿದ್ಧಾಂತ ಕೊಟ್ಟರು. ಗುರುತ್ವ ಮಾತ್ರ ಪಂಕ್ತಿಗೆ ಬರಲಿಲ್ಲ.

ದೃಷ್ಟಾಂತಕ್ಕೆ ದೂರ ಹೋಗಬೇಕಿಲ್ಲ. ಅದೇ ತಾಲ್ಲೂಕಿನ ಮುರುಗಮಲ್ಲದಲ್ಲಿ ಮುಕ್ತೀಶ್ವರನ ಗುಡಿಯೂ ಇದೆ, ಅಮ್ಮಾಜಾನ್ ಬಾವಾಜಾನ್ ದರ್ಗಾವೂ ಇದೆ. ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಮಾತು ಕನ್ನಡದಲ್ಲಿ ಹೊರಟು, ತೆಲುಗಿನಲ್ಲಿ ಹಾದು, ಉರ್ದುವಿನಲ್ಲಿ ಇಳಿಯುತ್ತದೆ. ಉರುಸಿನ ನೂಕುನುಗ್ಗಲಲ್ಲಿ ಯಾರು ಯಾವ ಬಲವೆಂದು ವಿಂಗಡಿಸಲು ಯಾವ ಉಪಕರಣಕ್ಕೂ ಸಾಧ್ಯವಿಲ್ಲ. ಸಮಮಿತಿ ಮುರಿದುಬೀಳುವುದು ಚಿಂತಾಮಣಿ ಬಸ್ಸು ಬಂದಾಗ. ಕಿಟಕಿಯಿಂದ ಟವೆಲ್ ಎಸೆದವನು ಒಂದು ಬಲ, ಆ ಟವೆಲಿನ ಮೇಲೆ ಕೂತವನು ಇನ್ನೊಂದು.

ದ್ರವ್ಯವೆಲ್ಲ ಕಂಪಿಸುವ ತಂತುವೆಂದು ಮತ್ತೊಂದು ಪಂಥ. ಆ ತಂತುವನ್ನು ಕಂಡವರಿಲ್ಲ; ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳಾದರೋ ಬೆಳಗಾದರೆ ಕಾಣುತ್ತಾರೆ. ಒಂದು ಗೂಡಿಗೆ ಒಂದೇ ಎಳೆ, ಸಾವಿರ ಮೀಟರಿನ ಆಸುಪಾಸು. ತಂತುವಾದಿಗಳಿಗೆ ಹತ್ತು ಆಯಾಮ ಬೇಕು, ಹೆಚ್ಚಿನವು ಮಡಚಿಕೊಂಡಿರುವುದರಿಂದ ಕಾಣವು. ಗೂಡಿನ ಹರಾಜಿನಲ್ಲಿ ದರ ಯಾವ ಆಯಾಮದಿಂದ ಜಾರಿತೆಂದು ರೇಷ್ಮೆ ಬೆಳೆಗಾರನಿಗೆ ಇಂದಿಗೂ ಕಂಡಿಲ್ಲ. ಇತಿ ಸಿದ್ಧಮ್.

ಪ್ರಯೋಗವೆಲ್ಲಿ ಎಂದು ಪ್ರತಿವಾದಿ ಕೇಳುತ್ತಾನೆ. ನಮ್ಮ ಜಿಲ್ಲೆಯಲ್ಲೇ ಆಗಿದೆ ಸ್ವಾಮಿ; 2007ರವರೆಗೆ ಮುರುಗಮಲ್ಲವೂ ಕೋಲಾರ ಜಿಲ್ಲೆಯೇ. ಬಲಗಳ ಬೇರು ಒಂದೇ ಆಗಿದ್ದರೆ ಪ್ರೋಟಾನ್ ಎಂದಾದರೂ ಸಾಯಬೇಕು. ಆ ಸಾವಿಗೆ ಕಾದು ಕೂರಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳ ಜೊತೆಗೂಡಿ, 1980ರಲ್ಲಿ ಕೆಜಿಎಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ 140 ಟನ್ನಿನ ಶೋಧಕ ಹೂಡಿದರು. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದೂ ಅದೇ ಗಣಿಯಲ್ಲಿ, ಹಾಗಾಗಿ ಜಾಗ ಒಳ್ಳೆಯದೇ. ಕೆಲವು ಘಟನೆಗಳು ಸಾವಿನಂತೆಯೇ ಕಂಡವು, ಆದರೆ ಲೋಕ ಒಪ್ಪಲಿಲ್ಲ. ಸಿದ್ಧಾಂತಿಗಳು ಎದೆಗುಂದದೆ ಪ್ರೋಟಾನಿನ ಆಯುಸ್ಸು ಏರಿಸಿದರು. ಜಪಾನಿನ ಸೂಪರ್ ಕಮಿಯೋಕಾಂಡೆ ಶೋಧಕದ ಲೆಕ್ಕದಲ್ಲಿ ಅದೀಗ ಒಂದರ ಮುಂದೆ 34 ಸೊನ್ನೆಯಷ್ಟು ವರ್ಷಗಳನ್ನೂ ದಾಟಿದೆ. ನೈಯಾಯಿಕರು ಒಪ್ಪಿದ ಪ್ರಮಾಣಗಳು ನಾಲ್ಕೇ. ವಾಯಿದೆಯೆಂಬ ಐದನೆಯದು ಅವರಿಗೆ ಹೊಳೆದಿರಲಿಲ್ಲ.

ನಮ್ಮ ಕಡೆ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿಗೆ ಅದು ಮೊದಲೇ ಗೊತ್ತು. ಸಾವಿರ ಅಡಿಗೆ ನೀರು ಬರದಿದ್ದರೆ ಇನ್ನೈನೂರು ಅಡಿ ಬಿಡಿ ಎನ್ನುತ್ತಾರೆ. ಇಷ್ಟು ಆಳಕ್ಕೆ ಇಳಿದು ಬತ್ತಿ ನಿಂತ ಕೊಳವೆಬಾವಿಗಳಿಗೆ ಶೋಧಕ ಇಳಿಸಿದರೆ ಸರ್ಕಾರಕ್ಕೆ ಗಣಿ ತೋಡುವ ಖರ್ಚು ಉಳಿಯುತ್ತದೆ. ಕೋಣೆಯಷ್ಟಿದ್ದ ಯಂತ್ರ ಆರೂವರೆ ಇಂಚಿನ ಬಾವಿಗೆ ಹಿಡಿಸೀತೇ ಎಂಬ ಆಕ್ಷೇಪಕ್ಕೆ ಸಮಾಧಾನವಿದೆ: ಮಿಕ್ಕ ಆಯಾಮಗಳನ್ನು ಮಡಚಿಕೊಳ್ಳತಕ್ಕದ್ದು. ರಿಗ್ ಗಾಡಿಯವರು ಅಡಿಗಿಷ್ಟೆಂದು ದರ ಹೇಳಿ ಹೋಗಿದ್ದಾರೆ. ಆಯಾಮಕ್ಕೆ ಎಷ್ಟೆಂದು ಯಜಮಾನರನ್ನು ಕೇಳಿ ತಿಳಿಸುತ್ತಾರಂತೆ.